ಒಂದು ಒಯ್ದರೆ ಎರಡು ತನ್ನಿ

ಕೆಲವು ವರ್ಷಗಳ ಹಿಂದೆ ನಾವು ಐದಾರು ಗೆಳೆಯರು ಸೇರಿ ನಮ್ಮ ಬಡಾವಣೆಯಲ್ಲಿ ಕಂಪ್ಯೂಟರ್ ಬಳಕೆದಾರರ ಕೂಟವೊಂದನ್ನು ಶುರು ಮಾಡಿದ್ದೆವು. ವಾಚನಾಲಯದ ಮಹಡಿ, ಬಾಡಿಗೆಯ ಪ್ರೊಜೆಕ್ಟರ್, ತಿಂಗಳಿಗೊಬ್ಬ ಅತಿಥಿ. ಮೊದಲ ಸಭೆಗೆ ನಲವತ್ತು ಕುರ್ಚಿ ಸಾಲಲಿಲ್ಲ. ಮೂರನೆಯದಕ್ಕೆ ಹನ್ನೊಂದು ಜನ. ಐದನೆಯ ಸಭೆಯಲ್ಲಿ ಕ್ಲೌಡ್ ಕಂಪ್ಯೂಟಿಂಗಿನ ಭವಿಷ್ಯ ಕುರಿತ ಉಪನ್ಯಾಸ ಕೇಳಲು ನಮ್ಮನ್ನು ಬಿಟ್ಟರೆ ಒಬ್ಬ ಹಿರಿಯರಷ್ಟೇ ಇದ್ದರು. ಅವರ ಕೈಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಹಳೆಯ ‘ನುಡಿ’ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿಟ್ಟ ಊರಿನ ಚರಿತ್ರೆ, ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಸರಿಮಾಡುವುದು ಹೇಗೆಂದು ಕೇಳಲು ಬಂದಿದ್ದರಂತೆ. ನಮಗದು ಗೊತ್ತಾದದ್ದು ವಂದನಾರ್ಪಣೆ ಮುಗಿದು, ಅವರು ಮೆಟ್ಟಿಲಿಳಿದು ಹೋದ ಮೇಲೆ, ಬೇರೊಬ್ಬರ ಬಾಯಿಂದ. ಆರನೆಯ ಸಭೆ ನಡೆಯಲಿಲ್ಲ.

ನಾವು ಎಡವಿದ್ದೆಲ್ಲಿ ಎಂಬುದು ತಿಳಿದದ್ದು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಕತೆ ಓದುವಾಗ. ಹೋಮ್‌ಬ್ರೂ ಎಂದರೆ ಮನೆಯಲ್ಲೇ ಭಟ್ಟಿ ಇಳಿಸಿದ್ದು. ಇವರು ಇಳಿಸುತ್ತಿದ್ದದ್ದು ಕಂಪ್ಯೂಟರು.

1975ರ ಮಾರ್ಚ್ 5, ಬುಧವಾರ. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬ ಎಂಜಿನಿಯರ್ ತನ್ನ ಕಾರ್ ಶೆಡ್ಡನ್ನು ತೆರವು ಮಾಡಿ ಕುರ್ಚಿ ಹಾಕಿದ್ದ. ಕರೆಯೋಲೆ ಅಂಟಿಸಿ ಜನರನ್ನು ಕೂಡಿಸಿದವನು ಫ್ರೆಡ್ ಮೂರ್. ಕಂಪ್ಯೂಟರ್ ಪಂಡಿತನಲ್ಲ, ಯುದ್ಧವಿರೋಧಿ ಚಳವಳಿಗಾರ. ವಿದ್ಯಾರ್ಥಿಯಾಗಿದ್ದಾಗಲೇ ಕಡ್ಡಾಯ ಸೈನಿಕ ತರಬೇತಿಯ ವಿರುದ್ಧ ಬರ್ಕ್ಲಿಯಲ್ಲಿ ಉಪವಾಸ ಕೂತವನು. ಆ ಸಂಜೆ ಬಂದವರು 32 ಮಂದಿ. ವೃತ್ತಾಕಾರವಾಗಿ ಕೂತು ಒಬ್ಬೊಬ್ಬರೂ ತಾವು ಯಾರು, ಏನು ಮಾಡುತ್ತಿದ್ದೇವೆ ಎಂದು ಹೇಳಿಕೊಂಡರು. ಆರು ಜನ ಆಗಲೇ ಸ್ವಂತ ಯಂತ್ರ ಕಟ್ಟಿದ್ದರು. ಸಭೆ ಮುಗಿಯುವ ಹೊತ್ತಿಗೆ ಒಬ್ಬಾತ ಇಂಟೆಲ್ 8008 ಚಿಪ್ಪೊಂದನ್ನು ಎತ್ತಿ ಹಿಡಿದು, ಬೇಕೆಂದವರಿಗೆ ಪುಕ್ಕಟೆ ಕೊಟ್ಟುಬಿಟ್ಟ. ಕ್ಲಬ್ಬಿನ ಜಾತಕ ಆ ಕ್ಷಣದಲ್ಲೇ ಬರೆದಾಯಿತು ಎಂದು ನನಗನ್ನಿಸುತ್ತದೆ.

ಎಲ್ಲರ ಬಾಯಲ್ಲೂ ಆಗ ಆಲ್ಟೇರ್ 8800 ಎಂಬ ಹೆಸರು. ಸುಮಾರು 400 ಡಾಲರಿಗೆ ಅಂಚೆಯಲ್ಲಿ ಬರುವ ಬಿಡಿಭಾಗಗಳ ಪೊಟ್ಟಣ. ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಜೋಡಿಸಿದ ಮೇಲೂ ಕೀಲಿಮಣೆಯಿಲ್ಲ, ಪರದೆಯಿಲ್ಲ; ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತಾ ಪ್ರೋಗ್ರಾಂ ತುಂಬಬೇಕು. ಉತ್ತರವಾಗಿ ಕೆಂಪು ದೀಪಗಳು ಮಿಣುಕುತ್ತವೆ. ಇಂಥದ್ದನ್ನು ತಂದು ಮಾಡುವುದಾದರೂ ಏನು? ಏಪ್ರಿಲ್ ತಿಂಗಳ ಒಂದು ಸಭೆಗೆ ಸ್ಟೀವ್ ಡೊಂಪಿಯರ್ ಎಂಬಾತ ತನ್ನ ಆಲ್ಟೇರ್ ಹೊತ್ತು ತಂದ. ಅದರ ಮೇಲೊಂದು ಪುಟ್ಟ ರೇಡಿಯೊ ಇಟ್ಟು ಬಹಳ ಹೊತ್ತು ಸ್ವಿಚ್ಚುಗಳನ್ನು ಒತ್ತಿದ. ಕಂಪ್ಯೂಟರ್ ಹೊಮ್ಮಿಸುವ ವಿದ್ಯುತ್ ಗದ್ದಲವನ್ನು ರೇಡಿಯೊ ಹಿಡಿಯುತ್ತದೆ, ಪ್ರೋಗ್ರಾಂ ಬದಲಾದಂತೆ ಆ ಗದ್ದಲದ ಸ್ವರವೂ ಬದಲಾಗುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ. ಗರಗರ ಸದ್ದಿನ ನಡುವೆ ಬೀಟಲ್ಸ್‌ ಹಾಡೊಂದರ ರಾಗ ಕೇಳಿಬಂತು. ಅದು ಮುಗಿದದ್ದೇ ‘ಡೈಸಿ ಬೆಲ್’. ನೆರೆದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದಕ್ಕೆ ಸಮನಾದ ಸ್ಲೈಡ್ ಪ್ರದರ್ಶನವನ್ನು ನಾನಂತೂ ಕಂಡಿಲ್ಲ.

ಕೆಲವೇ ತಿಂಗಳಲ್ಲಿ ಕಾರ್ ಶೆಡ್ಡು ಕಿರಿದಾಯಿತು. ಸಭೆ ಸ್ಟ್ಯಾನ್‌ಫರ್ಡಿನ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಸಭಾಂಗಣಕ್ಕೆ ಹೋಯಿತು; ಬರುವವರು ನೂರಾರಾದರು. ಇಂಥಲ್ಲಿ ಕೂಟಗಳು ಸಾಮಾನ್ಯವಾಗಿ ಸಾಯುತ್ತವೆ. ವೇದಿಕೆ ಬರುತ್ತದೆ, ವೇದಿಕೆಯ ಹಿಂದೆ ಗಣ್ಯರು ಬರುತ್ತಾರೆ. ಇಲ್ಲಿ ಹಾಗಾಗಲಿಲ್ಲ, ಕಾರಣ ನಿರ್ವಹಣೆಗೆ ನಿಂತ ಲೀ ಫೆಲ್ಸನ್‌ಸ್ಟೈನ್. ಈತ 1973ರಲ್ಲಿ ಗೆಳೆಯರೊಡನೆ ಬರ್ಕ್ಲಿಯ ಗ್ರಾಮಾಫೋನ್ ರೆಕಾರ್ಡ್ ಅಂಗಡಿಯೊಂದರಲ್ಲಿ ‘ಕಮ್ಯುನಿಟಿ ಮೆಮೊರಿ’ ಎಂಬ ಕಂಪ್ಯೂಟರ್ ಟರ್ಮಿನಲ್ ಇಟ್ಟಿದ್ದವನು. ದಾರಿಹೋಕರು ಬಂದು ತಮಗೇನು ಬೇಕು, ತಮ್ಮಲ್ಲೇನಿದೆ ಎಂದು ಅದರಲ್ಲಿ ಬರೆದು ಹೋಗುತ್ತಿದ್ದರು. ಅದೇ ಉಪಾಯವನ್ನು ಸಭಾಂಗಣಕ್ಕೂ ತಂದ. ಸಭೆಯ ಒಂದು ಭಾಗಕ್ಕೆ ‘ಮ್ಯಾಪಿಂಗ್’ ಎಂದು ಹೆಸರು. ಕೈ ಎತ್ತಿದವರು ನಿಂತು ಚುಟುಕಾಗಿ ಹೇಳಬೇಕು: ನನ್ನ ಮೆಮೊರಿ ಬೋರ್ಡ್ ಕೆಟ್ಟಿದೆ, ಇಂಥ ಚಿಪ್ ಎಲ್ಲಿ ಸಿಗುತ್ತದೆ, ಇಂಥ ಕಂಪನಿಯ ಬಗ್ಗೆ ಹೀಗೊಂದು ಸುದ್ದಿ. ಉತ್ತರ ಗೊತ್ತಿದ್ದವರು ಕೈ ಎತ್ತುತ್ತಾರೆ, ಮುಖ ಗುರುತಿಟ್ಟುಕೊಂಡರೆ ಸಾಕು. ಚರ್ಚೆ ಅಲ್ಲಿ ಬೇಡ. ಅದಕ್ಕಾಗಿ ಮುಂದಿನ ಭಾಗ, ‘ರ‍್ಯಾಂಡಮ್ ಆಕ್ಸೆಸ್’. ಎಲ್ಲರೂ ಎದ್ದು ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗುವುದು.

ನಮ್ಮ ವಾರದ ಸಂತೆಯೂ ಇದೇ ತಾನೆ? ಸಂತೆಗೆ ಮುಖ್ಯ ಅತಿಥಿ ಇರುವುದಿಲ್ಲ. ಮಾರುವವನೇ ಮಧ್ಯಾಹ್ನದ ಹೊತ್ತಿಗೆ ಕೊಳ್ಳುವವನೂ ಆಗುತ್ತಾನೆ.

ಈ ಸಂತೆಯಲ್ಲಿ ಹಿಂದೆ ಮುದುರಿ ಕೂರುತ್ತಿದ್ದವರಲ್ಲೊಬ್ಬ ಸ್ಟೀವ್ ವೋಜ್ನಿಯಾಕ್. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಕ್ಯಾಲ್ಕ್ಯುಲೇಟರ್ ವಿನ್ಯಾಸ ಮಾಡುತ್ತಿದ್ದ, ಎದ್ದು ನಿಂತು ಮಾತಾಡಲಾರದಷ್ಟು ಸಂಕೋಚದ ಮನುಷ್ಯ. ತಾನು ರೂಪಿಸಿದ ಕಂಪ್ಯೂಟರಿನ ನಕ್ಷೆಯ ಪ್ರತಿಗಳನ್ನು ಸುಮ್ಮನೆ ಹಂಚುತ್ತಿದ್ದ. ಅದೇ ಮುಂದೆ ಆಪಲ್-1. ಮಾರೋಣ ಎಂದವನು ಗೆಳೆಯ ಸ್ಟೀವ್ ಜಾಬ್ಸ್. ಅದೇ ಸಭೆಗಳಲ್ಲಿ ಡಬ್ಬದಲ್ಲಿ ಪುಸ್ತಕ ತಂದು ಮಾರುತ್ತಿದ್ದ ಇನ್ನೊಬ್ಬ, ಆಡಂ ಆಸ್ಬರ್ನ್. ಈತನ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ. ತಂದೆ ರಮಣ ಮಹರ್ಷಿಗಳ ಭಕ್ತರು. 1981ರಲ್ಲಿ ಆಸ್ಬರ್ನ್ ಹೊರತಂದ, ಸೂಟ್‌ಕೇಸಿನಂತೆ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರನ್ನು ವಿನ್ಯಾಸ ಮಾಡಿದ್ದು ಇದೇ ಫೆಲ್ಸನ್‌ಸ್ಟೈನ್. ಆಸ್ಬರ್ನ್ 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡ.

ಕ್ಲಬ್ಬಿಗೊಂದು ಕಳಂಕವೂ ಅಂಟಿದೆ. ಆಲ್ಟೇರ್‌ಗಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಬರೆದ ಬೇಸಿಕ್ ತಂತ್ರಾಂಶದ ಕಾಗದದ ಟೇಪೊಂದು ಯಾರದೋ ಕೈಸೇರಿ ಕ್ಲಬ್ಬಿಗೆ ಬಂತು. ಡ್ಯಾನ್ ಸೋಕೊಲ್ ಎಂಬ ಸದಸ್ಯ ಪ್ರತಿಗಳನ್ನು ತೆಗೆದು ಹಂಚಿದ. ಷರತ್ತು ಒಂದೇ: ಒಂದು ಒಯ್ದವರು ಮುಂದಿನ ಸಲ ಎರಡು ತರಬೇಕು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಇದು ಕಳವು ಎಂದರು. ಇನ್ನೊಬ್ಬರ ದುಡಿಮೆಯನ್ನು ಕೇಳದೆ ಹಂಚಿದ್ದು ತಪ್ಪೇ. ಆದರೆ ಷರತ್ತಿನ ಲೆಕ್ಕ ಮಾತ್ರ ನನಗೆ ಹೊಸದೆನಿಸಲಿಲ್ಲ. ನಾಟಿಯ ಕಾಲದಲ್ಲಿ ಮುಯ್ಯಾಳು ಕಳಿಸುವ ಊರಿನವರಿಗೆ ಅದು ಗೊತ್ತು: ಇವತ್ತು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು.

ನ್ಯಾಯವಾಗಿ ಪ್ರತಿ ತೆಗೆಯಬಹುದಾದ, ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶ ಬಂದ ಮೇಲೆ ಈ ಮುಯ್ಯಿಗೆ ಕಾನೂನಿನ ಅಡ್ಡಿ ಉಳಿಯಲಿಲ್ಲ. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪು ಬೆಳೆದದ್ದೇ ಅದರಿಂದ. ಇಂಟರ್ನೆಟ್ ತೆವಳುತ್ತಿದ್ದ ಕಾಲವದು. ಸೀಡಿ ಕೈಯಿಂದ ಕೈಗೆ ದಾಟುತ್ತಿತ್ತು. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಅಂಥ ಸ್ವಯಂಸೇವಕರದೇ ಕೆಲಸ. ಬನ್ನೇರುಘಟ್ಟ ರಸ್ತೆಯ ಆಚೀಚಿನ ಕೊಳೆಗೇರಿಯ ಮಕ್ಕಳಿಗೆ ಹಳೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಹಾಕಿಕೊಟ್ಟು ಕಲಿಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರವೂ ಇದೇ ಬಳ್ಳಿಯ ಕುಡಿ.

ಹೋಮ್‌ಬ್ರೂ ಕ್ಲಬ್ಬು 1986ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಬೆಸುಗೆ ಹಾಕದೆಯೇ ಕಂಪ್ಯೂಟರ್ ಸಿಗತೊಡಗಿದ ಮೇಲೆ ಅದರ ಕೆಲಸ ಕಡಿಮೆಯಾಗಿತ್ತು. ಹಾಗಾದರೆ ಎಲ್ಲರ ಜೇಬಿನಲ್ಲೂ ಫೋನಿರುವ ಈಗ ಬಡಾವಣೆಗೊಂದು ಕೂಟ ಯಾಕೆ? ಕೆಲಸವೇನೂ ಕಡಿಮೆಯಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಗಟ್ಟಿಮುಟ್ಟು ಕಂಪ್ಯೂಟರುಗಳು ಅಟ್ಟ ಸೇರುತ್ತಿವೆ. ಅವಕ್ಕೆ ಲಿನಕ್ಸ್ ಹಾಕುವ ಭಾನುವಾರವೊಂದನ್ನು ಇಟ್ಟುಕೊಳ್ಳಬಹುದು. ಪಿಂಚಣಿದಾರರ ಫೋನಿಗೆ ಬರುವ ಮೋಸದ ಲಿಂಕುಗಳನ್ನು ದೊಡ್ಡದಾಗಿ ಅಚ್ಚು ಹಾಕಿ ಗೋಡೆಗೆ ಅಂಟಿಸಿ, ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ತೋರಿಸುವಂತೆ ಅವರನ್ನೇ ಕೇಳಬಹುದು. ಶಾಲೆಯ ಹುಡುಗಿಯೊಬ್ಬಳು ಕನ್ನಡ ವಿಕಿಪೀಡಿಯದಲ್ಲಿ ತನ್ನೂರಿನ ಕೆರೆಯ ಬಗ್ಗೆ ನಾಲ್ಕು ಸಾಲು ಸೇರಿಸಿದರೆ ಆ ದಿನದ ಸಭೆ ಗೆದ್ದಂತೆ. ಸಭೆ ಮುಗಿದ ಮೇಲಿನ ಕಾಫಿಯನ್ನಂತೂ ತಪ್ಪಿಸಬಾರದು. ಹೋಮ್‌ಬ್ರೂ ಮಂದಿ ಮಧ್ಯರಾತ್ರಿಯವರೆಗೆ ಹರಟುತ್ತಿದ್ದ ‘ಓಯಸಿಸ್’ ಎಂಬ ಹೋಟೆಲಿನ ಮೇಜುಗಳ ಮೇಲೆ ಬಗೆಹರಿದ ತೊಡಕುಗಳು ಸಭಾಂಗಣದವಕ್ಕಿಂತ ಕಡಿಮೆಯೇನಲ್ಲ.

ನಮ್ಮ ಕೂಟಕ್ಕೆ ಮತ್ತೆ ಜೀವ ಕೊಡುವ ಮಾತು ಈಗ ನಡೆದಿದೆ. ಪ್ರೊಜೆಕ್ಟರ್ ಬೇಡ ಎಂದಾಗಿದೆ, ಕುರ್ಚಿಗಳನ್ನು ಸುತ್ತಲೂ ಹಾಕುವುದು. ವಾಚನಾಲಯದ ಮೇಲ್ವಿಚಾರಕರಿಂದ ಆ ಹಿರಿಯರ ಮನೆ ಯಾವುದೆಂದು ತಿಳಿದುಕೊಂಡೆವು. ಮೊದಲ ಸರದಿ ಅವರದು. ನುಡಿಯ ಕಡತವನ್ನು ಯೂನಿಕೋಡಿಗೆ ತರುವುದು ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ನಾವು ಮಾಡಿಕೊಡುವುದಿಲ್ಲ, ಅವರ ಕೈಯಲ್ಲೇ ಮಾಡಿಸುತ್ತೇವೆ. ಬಡಾವಣೆಯಲ್ಲಿ ಇಂಥದೇ ಹಳೆಯ ಕಡತ ಇಟ್ಟುಕೊಂಡು ಕೂತ ಇನ್ನಿಬ್ಬರು ನಿವೃತ್ತ ಮೇಷ್ಟರಿದ್ದಾರೆ. ಅವರ ವಿಳಾಸವನ್ನು ಚೀಟಿಯಲ್ಲಿ ಬರೆದು ಆಗಲೇ ಜೇಬಿನಲ್ಲಿಟ್ಟುಕೊಂಡಿದ್ದೇನೆ, ಕೆಲಸ ಮುಗಿದೊಡನೆ ಹಿರಿಯರ ಕೈಗೆ ಕೊಡಲು.