ಚೌಕದೊಳಗೆ ಪಾಠ, ಚೌಕದ ಹಿಂದೆ ಮಾಸ್ತರು!

ಬಸ್ ಸ್ಟ್ಯಾಂಡ್ ಎದುರಿನ ಚಾದಂಗಡಿಗಳಲ್ಲಿ ಈಗ ಚಿಲ್ಲರೆ ಜಗಳ ಕಡಿಮೆ. ಗಲ್ಲಾಪೆಟ್ಟಿಗೆ ಪಕ್ಕ ಕಪ್ಪು-ಬಿಳಿ ಚೌಕವೊಂದು ನಿಂತಿರುತ್ತದೆ. ಗಿರಾಕಿ ಫೋನ್ ಹಿಡಿದರೆ ಸಾಕು, ರೊಕ್ಕ ಬಂತೆಂದು ಡಬ್ಬಿಯೇ ಕೂಗಿ ಹೇಳುತ್ತದೆ. ಕ್ಯೂಆರ್ ಕೋಡ್ ಅಂದರೆ ಏನೆಂದು ಇವತ್ತು ಅಂಗಡಿಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸರಿ, ಮನೆಗೆ ಹೋದ ಮೇಲೆ ಮಕ್ಕಳ ಚೀಲ ಬಿಚ್ಚಿ ನೋಡ್ರಿ. ಸರ್ಕಾರಿ ಪಠ್ಯಪುಸ್ತಕದಲ್ಲೂ ಅಂಥದ್ದೇ ಚೌಕ ಇದೆ! ಅದು ರೊಕ್ಕ ಕೇಳುವುದಿಲ್ಲ, ಪಾಠ ಹೇಳುತ್ತದೆ. ಗಲ್ಲಾದ ಪಕ್ಕದ ಚೌಕಕ್ಕೆ ದಿನಕ್ಕೆ ನೂರು ಸಲ ಫೋನ್ ಹಿಡಿಯುತ್ತಾರೆ. ಪುಸ್ತಕದ ಚೌಕಕ್ಕೆ ವರ್ಷಕ್ಕೆ ಎಷ್ಟು ಸಲ? ತಂದೆ-ತಾಯಂದಿರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಭೀಮೆಯ ಆಚೆ ದಂಡೆಯ ಕಥೆ

ವಿಜಯಪುರದಿಂದ ಸೊಲ್ಲಾಪುರದ ಬಸ್ ಹತ್ತಿದವರಿಗೆ ಧೂಳಖೇಡದ ಹತ್ತಿರ ಭೀಮಾ ನದಿ ಸಿಗುತ್ತದೆ. ಹೊಳೆ ದಾಟಿದರೆ ಮಹಾರಾಷ್ಟ್ರ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಆದರೆ ಎಷ್ಟೋ ಮನೆಗಳ ಒಳಗಿನ ಮಾತು ಬದಲಾಗುವುದಿಲ್ಲ. ಸಿದ್ಧರಾಮನ ಆ ಸೀಮೆಯಲ್ಲಿ ಇವತ್ತಿಗೂ ಕನ್ನಡ ಆಡುವವರು ಬಹಳ.

ಅದೇ ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನಲ್ಲಿ ಪರಿತೇವಾಡಿ ಎಂಬ ಸಣ್ಣ ಹಳ್ಳಿ. 2009ರಲ್ಲಿ ಅಲ್ಲಿನ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ರಣಜಿತ್‌ಸಿಂಹ ಡಿಸಲೆ ಎಂಬ ತರುಣ ಮಾಸ್ತರು ಬಂದರು. ಬಂದು ನೋಡಿದರೆ ಶಾಲೆ ಎಲ್ಲಿ? ಒಂದು ಬದಿ ದನದ ಕೊಟ್ಟಿಗೆ, ಇನ್ನೊಂದು ಬದಿ ಸಾಮಾನಿನ ಕೋಣೆ, ನಡುವೆ ಪಾಳುಬಿದ್ದ ಕಟ್ಟಡ! ಹೆಣ್ಣುಮಕ್ಕಳು ಶಾಲೆಗೆ ಬರುವುದೇ ಅಪರೂಪ. ಇದೆಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಪುಸ್ತಕದ ಭಾಷೆ ಮಕ್ಕಳ ಮನೆಮಾತಾಗಿರಲಿಲ್ಲ. ಮಕ್ಕಳ ಮಾತು ಕನ್ನಡ!

ಇದು ಊರ ಕಟ್ಟೆಯ ಸುದ್ದಿಯಲ್ಲ. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಕೊಟ್ಟ ವರ್ಕಿ ಪ್ರತಿಷ್ಠಾನದವರು ಹೇಳಿದ್ದೇ ಇದು. ಮಾಸ್ತರು ಊರಿಗೇ ಬಂದು ನೆಲೆಸಿದರು, ಕನ್ನಡ ಕಲಿತರು. ಒಂದರಿಂದ ನಾಲ್ಕನೇ ಇಯತ್ತೆಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಹೊಸದಾಗಿ ರೂಪಿಸಿದರು. ಪಾಠಗಳಿಗೆ ಕ್ಯೂಆರ್ ಚೌಕ ಜೋಡಿಸಿದರು. ಫೋನ್ ಹಿಡಿದರೆ ಪದ್ಯ ಕೇಳಿಸುವುದು, ವಿಡಿಯೋ ಪಾಠ ಕಾಣಿಸುವುದು, ಕಥೆ ಬರುವುದು. ಮುಂದೆ ಆ ಶಾಲೆಯ ಹುಡುಗಿಯರ ಹಾಜರಿ ನೂರಕ್ಕೆ ನೂರಾಯಿತು ಎಂದು ಪ್ರತಿಷ್ಠಾನ ಪ್ರಕಟಿಸಿತು.

ಹಳ್ಳಿಯ ಹಂಚಿಕೆ ಹಳ್ಳಿಯಲ್ಲೇ ಉಳಿಯಲಿಲ್ಲ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ತರಗತಿಗಳ ಪುಸ್ತಕಗಳಿಗೂ ಈ ಚೌಕ ತರುವುದಾಗಿ ಸಾರಿತು. ಮರುವರ್ಷ ಕೇಂದ್ರ ಸರ್ಕಾರ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದೇ ಮಾತು ಹೇಳಿತು. ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಡಾಲರ್. ಅದರಲ್ಲಿ ಅರ್ಧ ಪಾಲನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚುವುದಾಗಿ ಮಾಸ್ತರು ಹೇಳಿದಾಗ ಲೋಕವೇ ಹುಬ್ಬೇರಿಸಿತು!

ಕಾರಿನ ಬಿಡಿಭಾಗದಿಂದ ಬಾಲಭಾರತಕ್ಕೆ

ಅಸಲಿಗೆ ಈ ಚೌಕ ಹುಟ್ಟಿದ್ದು ಶಾಲೆಗಾಗಿಯೂ ಅಲ್ಲ, ಅಂಗಡಿಗಾಗಿಯೂ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದರು. ಸೋಪಿನ ಪೊಟ್ಟಣದ ಮೇಲಿನ ಗೆರೆಗೆರೆ ಬಾರ್‌ಕೋಡಿನಲ್ಲಿ ಸುಮಾರು ಇಪ್ಪತ್ತು ಅಕ್ಷರ ಹಿಡಿಸಿದರೆ ಹೆಚ್ಚು. ಚೌಕದಲ್ಲಾದರೋ 7,089 ಅಂಕಿಗಳವರೆಗೆ ಹಿಡಿಸಬಹುದು. ಮೂರು ಮೂಲೆಯ ಮೂರು ದಪ್ಪ ಚೌಕಗಳೇ ಗುರುತಿನ ಕಲ್ಲು. ಫೋನನ್ನು ಸೊಟ್ಟ ಹಿಡಿದರೂ ತಲೆಕೆಳಗೆ ಹಿಡಿದರೂ ಅವು ದಾರಿ ತೋರಿಸುತ್ತವೆ.

ಮಕ್ಕಳ ಪುಸ್ತಕಕ್ಕೆ ಹೊಂದುವ ಇನ್ನೊಂದು ಗುಣವೂ ಇದಕ್ಕಿದೆ. ಒಂದೇ ಮಾಹಿತಿಗೆ ಆಸರೆಯಾಗಿ ಹೆಚ್ಚುವರಿ ಗುರುತುಗಳನ್ನು ಒಳಗೇ ಸೇರಿಸಿರುತ್ತಾರೆ. ಗಟ್ಟಿ ಬಗೆಯ ಚೌಕವಾದರೆ ಶೇ. 30ರಷ್ಟು ಕೆಟ್ಟರೂ ಓದಿಸಿಕೊಳ್ಳುತ್ತದೆ. ಶಾಯಿ ಚೆಲ್ಲಲಿ, ಎಣ್ಣೆಕೈ ತಾಗಲಿ, ಪಾಠ ಸಿಕ್ಕೀತು! ಕಂಪನಿಯವರು ಪೇಟೆಂಟ್ ಇದ್ದರೂ ಹಕ್ಕು ಚಲಾಯಿಸಲಿಲ್ಲ. ಆದ್ದರಿಂದಲೇ ಚೌಕ ಚಾದಂಗಡಿಗೂ ಬಂತು, ಕನ್ನಡ ಶಾಲೆಗೂ ಬಂತು.

ನಮ್ಮ ಪುಸ್ತಕದ ಚೌಕ ಎಲ್ಲಿಗೆ ಹೋಗುತ್ತದೆ?

ಸರ್ಕಾರಿ ಪುಸ್ತಕದ ಚೌಕ ತೆರೆಯುವುದು 'ದೀಕ್ಷಾ' ಎಂಬ ತಾಣವನ್ನು. 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಇದು ಶುರುವಾಯಿತು. ಬಿಡಿಗಾಸು ಕೊಡಬೇಕಿಲ್ಲ. ಚೌಕ ಓದಿಸಿಕೊಳ್ಳದಿದ್ದರೆ ಅದರ ಕೆಳಗಿನ ಆರು ಅಕ್ಷರ-ಅಂಕಿಗಳನ್ನು ಬೆರಳಲ್ಲಿ ಒತ್ತಿದರೂ ನಡೆಯುತ್ತದೆ. ನೆಟ್ ಸಿಗುವ ಕಡೆ ಪಾಠ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದ ಕಡೆ ನೋಡಬಹುದು. ಪೇಟೆಗೆ ಬಸ್ಸಿನಲ್ಲಿ ಬಂದು ಹೋಗುವ ಅಪ್ಪ-ಅವ್ವ ಸ್ಟ್ಯಾಂಡಿನಲ್ಲಿ ಕಾಯುವಾಗ ಈ ಕೆಲಸ ಮಾಡಿಟ್ಟರೆ, ರಾತ್ರಿ ಹಳ್ಳಿಯ ಮನೆಯಲ್ಲಿ ಮಗುವಿಗೆ ಪಾಠ ಸಿದ್ಧ.

ಇಷ್ಟು ಸಲೀಸೇ ಅಂತೀರಾ? ಅಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಮನೆಯ ಬಣ್ಣ ಬಯಲಾಯಿತು. ಮನೆಗೆ ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ. ಅಪ್ಪ ಕೆಲಸಕ್ಕೆ ಹೋದರೆ ಪಾಠವೂ ಅವನ ಸಂಗಡ ಹೋಯಿತು! ಅಪ್ಪ ಬಂದ ಮೇಲೆ ಅಣ್ಣ ಮುಂದೆ, ತಂಗಿ ಹಿಂದೆ. ಅಚ್ಚಾದ ಚೌಕ ಎಲ್ಲ ಮಕ್ಕಳಿಗೂ ಒಂದೇ. ಅದನ್ನು ತೆರೆಯುವ ಕೀಲಿಕೈ ಮಾತ್ರ ಎಲ್ಲರ ಮನೆಯಲ್ಲಿ ಇಲ್ಲ.

ಫೋನು ಒಂದೇ, ಮಕ್ಕಳು ನಲವತ್ತು

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮಾಸ್ತರ ಹತ್ತಿರ ಒಂದು ಫೋನಿದ್ದರೂ ಸಾಕೆನ್ನುವ ಉಪಾಯವಿದೆ. ಪ್ಲಿಕರ್ಸ್ ಅಂತ ಹೆಸರು. ಪ್ರತಿ ಮಗುವಿನ ಕೈಗೂ ಬೇರೆ ಬೇರೆ ಚಿತ್ತಾರದ ಕಾಗದದ ಚೌಕ. ಇದು ಕ್ಯೂಆರ್ ಚೌಕದ ದಾಯಾದಿ ಇದ್ದಂತೆ. ನಾಲ್ಕು ಬದಿಗೆ ನಾಲ್ಕು ಉತ್ತರ. ತನಗೆ ಸರಿ ಕಂಡ ಉತ್ತರವನ್ನು ಮಗು ಮೇಲೆ ಮಾಡಿ ಹಿಡಿಯಬೇಕು. ಮಾಸ್ತರು ನಿಂತಲ್ಲೇ ಫೋನ್ ತಿರುಗಿಸಿದರೆ ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬ ಲೆಕ್ಕ ಕ್ಷಣದಲ್ಲಿ ಬರುತ್ತದೆ. ಪಕ್ಕದವನ ಚೀಟಿ ನೋಡಿ ನಕಲು ಹೊಡೆಯುವುದು ಕಷ್ಟ. ಒಬ್ಬೊಬ್ಬರ ಚಿತ್ತಾರ ಒಂದೊಂದು ಥರ! ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಮಗುವಿನ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ಅದೇ ಇದರ ದೊಡ್ಡ ಲಾಭ.

ಮಾಸ್ತರು ಸ್ವಂತ ಚೌಕ ಮಾಡುವುದಾದರೆ ಎರಡು ಎಚ್ಚರಿಕೆ ಬೇಕು. ಪುಕ್ಕಟೆ ಮಾಡಿಕೊಡುವ ಕೆಲವು ತಾಣಗಳು ತಮ್ಮ ವಿಳಾಸದ ಮೂಲಕವೇ ದಾರಿ ಸುತ್ತಿಸುತ್ತವೆ. ಕೆಲ ದಿನ ಕಳೆದ ಮೇಲೆ ರೊಕ್ಕ ಕೇಳುತ್ತವೆ, ಇಲ್ಲವೇ ಬಾಗಿಲು ಹಾಕುತ್ತವೆ. ನೇರ ವಿಳಾಸವನ್ನೇ ಬರೆದ ಚೌಕಕ್ಕೆ ಆ ಭಯವಿಲ್ಲ. ಎರಡನೆಯದು ಅಂಗಡಿಕಾರರಿಗೆ ಹಳೆಯ ಪಾಠ. ಚೌಕದ ಮೇಲೆ ಇನ್ನೊಂದು ಚೌಕ ಅಂಟಿಸಿ ರೊಕ್ಕ ಹೊಡೆಯುವ ಕಳ್ಳರಿದ್ದಾರಲ್ಲ? ಗೋಡೆಯ ಚೌಕವನ್ನು ಮಕ್ಕಳಿಗಿಂತ ಮೊದಲು ಮಾಸ್ತರೇ ತೆರೆದು ನೋಡುವುದು ಲೇಸು.

ಕಡೆಗೂ ಪರಿತೇವಾಡಿ ಕಲಿಸುವ ಪಾಠ ಒಂದೇ. ಚೌಕ ಬರೀ ಬಾಗಿಲು. ಅದನ್ನು ಅಚ್ಚು ಹಾಕಲು ಖರ್ಚು ಹೆಚ್ಚಿಲ್ಲ. ಬಾಗಿಲ ಒಳಗೆ ಮಗುವಿಗೆ ತಿಳಿಯುವ ಮಾತಿನಲ್ಲಿ ಯಾರಾದರೂ ಪಾಠ ಹೇಳುತ್ತಿದ್ದರೆ ಮಾತ್ರ ಬೆಲೆ. ಮಾಸ್ತರು ಚೌಕ ಅಂಟಿಸಿದ್ದಷ್ಟೇ ಅಲ್ಲ, ಮಕ್ಕಳಿಗಾಗಿ ಕನ್ನಡವನ್ನೂ ಕಲಿತರು!

ಇವತ್ತು ರಾತ್ರಿ ಅಂಗಡಿ ಕದ ಹಾಕಿ ಗಲ್ಲಾ ಎಣಿಸಿದ ಮೇಲೆ ಅದೇ ಫೋನನ್ನು ಹತ್ತು ನಿಮಿಷ ಮಗಳ ಪುಸ್ತಕದ ಕಡೆ ತಿರುಗಿಸ್ರಿ. ರೊಕ್ಕ ಬಂತೆಂದು ಡಬ್ಬಿ ಕೂಗುವುದಿಲ್ಲ. ಆದರೂ ಲುಕ್ಸಾನು ಆಗುವ ವ್ಯಾಪಾರವಲ್ಲ ಬಿಡಿ!