ಸಮದುಃಖಿಗಳ ನೆರವು ಮತ್ತು ಮನೋರೋಗಿಗಳ ಹಕ್ಕುಗಳು

ಮುಂಬಯಿಯ ವಡಾಲದಲ್ಲಿರುವ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯು 1890ರಲ್ಲಿ, ಆಗಿನ ಮುನಿಸಿಪಲ್ ಕಮಿಷನರ್ ಎಚ್. ಎ. ಆಕ್ವರ್ತ್ ಅವರ ಪ್ರಯತ್ನದಿಂದ, ನಿರ್ಗತಿಕ ಕುಷ್ಠರೋಗಿಗಳ ಆಶ್ರಯಧಾಮವಾಗಿ ಆರಂಭವಾಯಿತು. ರೋಗಿಯನ್ನು ಜನವಸತಿಯಿಂದ ಬೇರ್ಪಡಿಸಿಡುವುದೇ ಆ ಕಾಲದ ಕ್ರಮವಾಗಿತ್ತು. ಮನೋರೋಗಿಗಳ ವಿಷಯದಲ್ಲಿಯೂ ಇದೇ ದೃಷ್ಟಿ ಇದ್ದಿತು. 1901ರಲ್ಲಿ ಠಾಣೆಯಲ್ಲಿ ಮಾನಸಿಕ ಆಸ್ಪತ್ರೆ ಸ್ಥಾಪನೆಯಾಯಿತು. 1912ರಲ್ಲಿ ಭಾರತೀಯ ಹುಚ್ಚರ ಕಾಯಿದೆ ಜಾರಿಗೆ ಬಂದಿತು. ಆ ಕಾಯಿದೆಯ ಮುಖ್ಯ ಲಕ್ಷ್ಯ ರೋಗಿಯನ್ನು ವಶದಲ್ಲಿಡುವುದರ ಕಡೆಗಿತ್ತೇ ಹೊರತು, ಅವನ ಮಾತನ್ನು ಕೇಳುವುದರ ಕಡೆಗಿರಲಿಲ್ಲ.

ಈ ಎರಡು ರೋಗಗಳಿಗೂ ಇಂದು ಚಿಕಿತ್ಸೆ ಇದೆ. ಆದರೆ ರೋಗದ ಜೊತೆಗೆ ಅಂಟಿಕೊಂಡ ಕಳಂಕವು ಔಷಧಿಯಿಂದ ಮಾತ್ರ ಹೋಗುವಂಥದಲ್ಲ. ಅದನ್ನು ನಿವಾರಿಸುವಲ್ಲಿ ರೋಗವನ್ನು ಸ್ವತಃ ಅನುಭವಿಸಿ ಚೇತರಿಸಿಕೊಂಡವರ ಪಾತ್ರ ದೊಡ್ಡದು.

ಸಮದುಃಖಿಗಳ ನೆರವು ಎಂದರೇನು?

ಮಾನಸಿಕ ಅಸ್ವಸ್ಥತೆಯಿಂದ ಬಳಲಿ, ಚಿಕಿತ್ಸೆ ಪಡೆದು, ಬದುಕನ್ನು ಮತ್ತೆ ಕಟ್ಟಿಕೊಂಡ ವ್ಯಕ್ತಿಯು ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರಿಗೆ ಒತ್ತಾಸೆಯಾಗಿ ನಿಲ್ಲುವುದೇ ಸಮದುಃಖಿಗಳ ನೆರವು. ವೈದ್ಯರು ರೋಗವನ್ನು ಗುರುತಿಸಿ ಔಷಧಿ ಕೊಡುತ್ತಾರೆ. ಆದರೆ ಔಷಧಿಯಿಂದ ಬರುವ ಮಂಪರು, ಮರಳಿ ಕೆಲಸಕ್ಕೆ ಹೋಗುವಾಗಿನ ಅಂಜಿಕೆ, ನೆರೆಹೊರೆಯವರ ಮಾತು, ಮನೆಯವರ ಸಂಶಯ ಇವುಗಳನ್ನು ದಾಟಿದ ಬಗೆಯನ್ನು ಹೇಳಬಲ್ಲವರು ಆ ಹಾದಿಯಲ್ಲಿ ನಡೆದವರೇ. "ನನಗೂ ಹೀಗೆಯೇ ಆಗಿತ್ತು" ಎಂಬ ಒಂದು ಮಾತು ರೋಗಿಯ ಏಕಾಂತವನ್ನು ಒಡೆಯುತ್ತದೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಎಂಬವರು ಮಾನಸಿಕ ಆಸ್ಪತ್ರೆಗಳಲ್ಲಿ ತಾವು ಕಂಡ ಕಷ್ಟಗಳನ್ನು 1908ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿ, ಸುಧಾರಣೆಯ ಚಳವಳಿಗೆ ನಾಂದಿ ಹಾಡಿದರು. 1935ರಲ್ಲಿ ಅದೇ ದೇಶದ ಆಕ್ರನ್ ನಗರದಲ್ಲಿ ಕುಡಿತದ ಚಟದಿಂದ ಪಾರಾಗಲು ಒಬ್ಬರಿಗೊಬ್ಬರು ನೆರವಾಗುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿತು; ಅದರ ಸಭೆಗಳು ಇಂದು ಭಾರತದ ಅನೇಕ ನಗರಗಳಲ್ಲಿ ನಡೆಯುತ್ತವೆ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ರೋಗಿಗಳ ಕುಟುಂಬದವರನ್ನು ಆಸ್ಪತ್ರೆಯ ಆವರಣದಲ್ಲಿ ಡೇರೆಗಳಲ್ಲಿ ಇರಿಸಿಕೊಂಡು, ಅವರನ್ನೂ ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು. ಇತ್ತೀಚೆಗೆ ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯನ್ನು ಅನುಸರಿಸಿ, ಚೇತರಿಸಿಕೊಂಡವರಿಗೇ ತರಬೇತಿ ನೀಡಿ ಸ್ವಯಂಸೇವಕರನ್ನಾಗಿ ಬಳಸಿಕೊಳ್ಳಲಾಯಿತು.

ಇಂಥ ನೆರವಿಗೆ ತನ್ನದೇ ಮಿತಿಗಳಿವೆ. ನೆರವು ನೀಡುವವರು ವೈದ್ಯರಲ್ಲ. ಔಷಧಿಯನ್ನು ನಿಲ್ಲಿಸಲು ಅಥವಾ ಬದಲಿಸಲು ಅವರು ಹೇಳಬಾರದು. ಕೇಳಿದ ಮಾತನ್ನು ಗುಟ್ಟಾಗಿಡಬೇಕು. ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಕಾಯಿದೆ ನೀಡಿರುವ ಹಕ್ಕುಗಳು

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಮನೋರೋಗಿಗಳು ಮಡಿದರು. ಸರಪಳಿಯಿಂದ ಬಿಗಿದಿದ್ದ ಕಾರಣ ಅವರು ಓಡಿಹೋಗಲಾಗಲಿಲ್ಲ. ರೋಗಿಯ ಪರವಾಗಿ ಕೇಳುವವರಿಲ್ಲದಿದ್ದರೆ ಏನಾಗಬಹುದು ಎಂಬುದನ್ನು ಈ ದುರಂತ ತೋರಿಸಿಕೊಟ್ಟಿತು.

1912ರ ಕಾಯಿದೆಯ ಸ್ಥಾನದಲ್ಲಿ 1987ರ ಕಾಯಿದೆಯೂ, ಅದರ ಸ್ಥಾನದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ ಬಂದವು. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಕಾಯಿದೆಯು ರೋಗಿಯನ್ನು ಹಕ್ಕುಳ್ಳ ನಾಗರಿಕನನ್ನಾಗಿ ಕಾಣುತ್ತದೆ. ಅದರ ಕೆಲವು ಮುಖ್ಯ ಅಂಶಗಳು ಹೀಗಿವೆ:

ಯಾವುದೇ ರೀತಿಯಲ್ಲಿ ಮನೋರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಲಾಗಿದೆ.

ಪ್ರತಿಯೊಬ್ಬ ವಯಸ್ಕ ವ್ಯಕ್ತಿಯೂ ತನ್ನ ಪರವಾಗಿ ನಿಲ್ಲಲು ಒಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಇದಕ್ಕೆ ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದರೆ ಸಾಕು. ಪ್ರತಿನಿಧಿಯು ಬಂಧುವೇ ಆಗಿರಬೇಕೆಂದಿಲ್ಲ. ನಂಬಿಕೆಯ ಗೆಳೆಯನೂ ಆಗಬಹುದು.

ಮುಂದೆ ಕಾಯಿಲೆ ಉಲ್ಬಣಿಸಿದಾಗ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮುಂಗಡ ನಿರ್ದೇಶನದ ಮೂಲಕ ಮೊದಲೇ ತಿಳಿಸಿಡಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ.

ಆಸ್ಪತ್ರೆಗೆ ಸೇರಿಸಿದ್ದು ಸರಿಯಲ್ಲವೆನಿಸಿದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇದೆ.

ಇನ್ನೊಂದು ಅಂಶ ವಿಶೇಷವಾಗಿ ಗಮನಾರ್ಹವಾದುದು. ಈ ಮಂಡಳಿಯ ಆರು ಮಂದಿಯಲ್ಲಿ ಇಬ್ಬರ ಸ್ಥಾನಗಳನ್ನು ಮನೋರೋಗಿಗಳು, ಅವರ ಪಾಲಕರು ಅಥವಾ ಅವರ ಪರವಾದ ಸಂಸ್ಥೆಗಳವರಿಗೆ ಮೀಸಲಿಡಲಾಗಿದೆ. ಕೇಂದ್ರ ಮತ್ತು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಗಳಲ್ಲಿಯೂ ಅಸ್ವಸ್ಥತೆಯನ್ನು ಅನುಭವಿಸಿದವರ ಪ್ರತಿನಿಧಿಗಳಿಗೆ ಸ್ಥಾನವಿದೆ. ಒಂದು ಕಾಲಕ್ಕೆ ಮಾತೇ ಆಡಗೊಡದವರು ಈಗ ತೀರ್ಮಾನಿಸುವವರ ಸಾಲಿನಲ್ಲಿ ಕುಳಿತುಕೊಳ್ಳಬಹುದಾಗಿದೆ.

ಭಾಷೆಯ ಪ್ರಶ್ನೆ

ವಡಾಲ, ಮಾಟುಂಗ, ಸಯನ್ ಪರಿಸರದಲ್ಲಿ ಹಲವು ತಲೆಮಾರುಗಳಿಂದ ಕನ್ನಡಿಗರು ನೆಲೆಸಿದ್ದಾರೆ. ವಡಾಲದಲ್ಲಿ ಕನ್ನಡ ಶಿಕ್ಷಣ ಸಂಸ್ಥೆಯೂ ಇದೆ. ಮಾನಸಿಕ ಚಿಕಿತ್ಸೆಗಾಗಿ ಇಲ್ಲಿನ ಜನರಿಗೆ ಸಯನ್ ಮತ್ತು ಪರೇಲಿನ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು ಸಮೀಪವಾಗಿವೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮರಾಠಿ, ಹಿಂದಿಗಳನ್ನು ಸಲೀಸಾಗಿ ಆಡುವವರಿಗೂ ಮನಸ್ಸಿನ ನೋವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕಾಗುತ್ತದೆ. "ಜೀವ ಬೇಜಾರಾಗಿದೆ" ಎಂಬ ಮಾತಿನ ಭಾರವು ಮತ್ತೊಂದು ಭಾಷೆಯಲ್ಲಿ ಹಗುರಾಗಿ ಕೇಳಿಸಬಹುದು. ವೈದ್ಯರು ಅದನ್ನು ಬರಿಯ ದಣಿವೆಂದು ತಿಳಿಯಬಹುದು.

ರೋಗದ ಸ್ವರೂಪ, ಚಿಕಿತ್ಸೆ ಹಾಗೂ ಅದರ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು 2017ರ ಕಾಯಿದೆಯು ವಿಧಿಸುತ್ತದೆ. ಆದುದರಿಂದ ಕನ್ನಡದಲ್ಲಿ ವಿವರಣೆ ಕೇಳುವುದು ಹಕ್ಕೇ ಹೊರತು ಉಪಕಾರವನ್ನು ಬೇಡಿದಂತಲ್ಲ. ರೋಗದಿಂದ ಚೇತರಿಸಿಕೊಂಡ ಕನ್ನಡಿಗರೊಬ್ಬರು ರೋಗಿಯ ಜೊತೆಗೆ ಹೋಗಿ ಎರಡೂ ಕಡೆಯ ಮಾತನ್ನು ತಿಳಿಯಪಡಿಸಿದರೆ, ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯಾಗುತ್ತದೆ.

ಜನರ ಹೊಣೆ

1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದ್ದು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಕನ್ನಡ ಸಂಘಗಳು, ಮಹಿಳಾ ಮಂಡಳಗಳು, ಶಾಲೆಗಳು ತಿಂಗಳಿಗೊಮ್ಮೆ ಒಂದು ಕೋಣೆಯನ್ನು ತೆರೆದಿಟ್ಟು, ಇಂಥವರು ಕೂಡಿ ಕುಳಿತು ಮಾತನಾಡಲು ಅವಕಾಶ ಮಾಡಿಕೊಡಬಹುದು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬಾಗಿಲು ತೆರೆದಿರಬೇಕು, ಒಳಗೆ ಬಂದವರ ಮಾತನ್ನು ಕೇಳುವ ತಾಳ್ಮೆ ಇರಬೇಕು.