ಅಂಕಿತ ನೋಡ್ರಿ ಮೊದಲ

ಕರ್ನಾಟಕದ ಒಂದು ಊರಿನ ಹೆಸರಿನಿಂದ ಶುರುವಾಗುವ ಕೃತಿ. ಎಷ್ಟೋ ಕಛೇರಿಗಳು ಶುರುವಾಗುವುದೂ ಇದರಿಂದಲೇ. ರಾಗವನ್ನು ಸೃಷ್ಟಿಸಿದ್ದು ತಂದೆ, ಕೃತಿ ಕಟ್ಟಿದ್ದು ಮಗ. ಮುಂದೆ ಭೆಂಡಿಬಜಾರ್ ಘರಾಣೆಯ ಗಾಯಕರೊಬ್ಬರು ಇದೇ ರಾಗವನ್ನು ಹಿಂದುಸ್ತಾನಿಯಲ್ಲೂ ಜನಪ್ರಿಯಗೊಳಿಸಿದರು. ಯಾವ ಊರು, ಯಾವ ರಾಗ?

ಊರು ವಾತಾಪಿ, ಅಂದರೆ ನಮ್ಮ ಬಾದಾಮಿ. ರಾಗ ಹಂಸಧ್ವನಿ. ತಂದೆ ರಾಮಸ್ವಾಮಿ ದೀಕ್ಷಿತರು, ಮಗ ಮುತ್ತುಸ್ವಾಮಿ ದೀಕ್ಷಿತರು, ಹಿಂದುಸ್ತಾನಿ ಗಾಯಕ ಅಮಾನ್ ಅಲಿ ಖಾನ್. ಹೈದರಾಬಾದಿನ ಕನ್ನಡ ಗೆಳೆಯರ ಗುಂಪೊಂದು ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ಸೇರಿ ಬಿಡಿಸುವ ಒಗಟುಗಳು ಇಂಥವು. ಕೇಳಿದೊಡನೆ ಗೊತ್ತಿರಬೇಕಾದ ಪ್ರಶ್ನೆಗಳಲ್ಲ, ಒಂದೊಂದೇ ಎಳೆ ಹಿಡಿದು ತಲುಪಬೇಕಾದವು. ಕ್ವಿಜ್ ಮಂದಿ ಇದಕ್ಕೆ ‘ವರ್ಕ್‌ಔಟ್ ಆಗೋ ಪ್ರಶ್ನೆ’ ಅನ್ನುತ್ತಾರೆ.

ಹೈದರಾಬಾದಿಗೆ ಕ್ವಿಜ್ ಹೊಸದಲ್ಲ. 1972ರಲ್ಲಿ ಇಲ್ಲಿ ಶುರುವಾದ ಕೆ ಸರ್ಕಲ್ ದೇಶದ ಅತಿ ಹಳೆಯ ಕ್ವಿಜ್ ಕ್ಲಬ್‌ಗಳಲ್ಲಿ ಒಂದು. ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬಂದದ್ದು 1983ರಲ್ಲಿ. ಈ ಗುಂಪು ಮಾತ್ರ ಹುಟ್ಟಿದ್ದು 2020ರ ಲಾಕ್‌ಡೌನ್‌ನಲ್ಲಿ. ಸಭೆ, ಕಛೇರಿ ಎಲ್ಲ ನಿಂತಾಗ ನಾಲ್ಕಾರು ಮನೆಯವರು ಫೋನಿನಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಳ್ಳುತ್ತಿದ್ದರಂತೆ, ಅದೇ ಬೆಳೆಯಿತು. ಇಷ್ಟು ಸಾಕು ಇತಿಹಾಸ. ನಾನು ಹೋದದ್ದು ಟೀಚರನ್ನು ನೋಡಲು.

ಎಲ್ಲರೂ ಅವರನ್ನು ಕರೆಯುವುದೇ ‘ಟೀಚರ್’ ಎಂದು. ಎಂಬತ್ತರ ಆಸುಪಾಸು. ತವರು ರಾಯಚೂರು ಸೀಮೆ, ಸೇರಿದ ಮನೆ ಹೈದರಾಬಾದಿನ ಕಾಚಿಗುಡ, ಕೆಲಸ ಮಾಡಿದ್ದು ಕನ್ನಡ ಶಾಲೆಯಲ್ಲಿ. ಅವರು ಹುಟ್ಟಿದಾಗ ರಾಯಚೂರು, ಕಲಬುರಗಿ, ಬೀದರ್ ಎಲ್ಲವೂ ಹೈದರಾಬಾದ್ ಸಂಸ್ಥಾನದವೇ. 1956ರಲ್ಲಿ ಗಡಿ ಬದಲಾಯಿತು, ಕಾಚಿಗುಡದ ಕನ್ನಡದ ಮನೆಗಳು ಅಲ್ಲೇ ಉಳಿದವು. ಟೀಚರ್ ಕಛೇರಿ ಹಾಡುವವರಲ್ಲ, ಸ್ವರ ಬರೆಯಲೂ ಬಾರದು. ಆದರೆ ದಾಸರ ಪದದ ವಿಷಯಕ್ಕೆ ಬಂದರೆ ಗುಂಪಿನಲ್ಲಿ ಅವರದ್ದೇ ಕೊನೆಯ ಮಾತು.

ನಾನಿದ್ದ ಸಂಜೆ ‘ಕೃಷ್ಣಾ ನೀ ಬೇಗನೆ ಬಾರೋ’ ಬಂತು. ಬಾಲಸರಸ್ವತಿಯವರ ಅಭಿನಯದಿಂದ ಹೊರದೇಶಗಳಿಗೂ ಪರಿಚಯವಾದ ಪದ. ಕರ್ತೃ ಯಾರು? ಚಾಟ್‌ನಲ್ಲಿ ಪಟಪಟನೆ ‘ಪುರಂದರದಾಸ’ ಎಂದು ಬಿತ್ತು. ಟೀಚರ್ ಕನ್ನಡಕ ಸರಿಮಾಡಿಕೊಂಡರು.

“ಯಾಕ್ ಅವಸರ ಮಾಡ್ತೀರಿ? ಅಂಕಿತ ನೋಡ್ರಿ ಮೊದಲ. ಕಡೀ ನುಡಿಯೊಳಗ ಪುರಂದರವಿಠಲ ಎಲ್ಲಿದ್ದಾನ? ಇರೋದು ಕೃಷ್ಣ. ವ್ಯಾಸರಾಯರದು.”

ಅಂಕಿತ ಎಂದರೆ ಪದದ ಕೊನೆಯಲ್ಲಿ ಕರ್ತೃ ಇಡುವ ಹೆಸರಿನ ಗುರುತು. ಅದನ್ನು ಮೊದಲು ನೋಡುವುದು ಅವರ ಪಾಠದ ಮೊದಲ ಸೂತ್ರ. ತ್ಯಾಗರಾಜರ ಕೃತಿಯಾದರೆ ‘ರಾಗ ಯಾವುದು’ ಎಂದು ಧೈರ್ಯವಾಗಿ ಕೇಳಬಹುದು, ಶಿಷ್ಯಪರಂಪರೆ ಅದನ್ನು ಕಾಪಾಡಿಕೊಂಡು ಬಂದಿದೆ. ದಾಸರ ಪದಗಳ ಮೂಲ ಧಾಟಿಗಳು ಹೆಚ್ಚಾಗಿ ಉಳಿದಿಲ್ಲ. ಇಂದು ನಾವು ಕೇಳುವ ರಾಗಗಳಲ್ಲಿ ಬಹುಪಾಲು ಮುಂದಿನವರು ಕೂಡಿಸಿದ್ದು. ಭಜನೆಯಲ್ಲಿ ಒಂದು, ಕಛೇರಿಯಲ್ಲಿ ಇನ್ನೊಂದು, ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಮತ್ತೊಂದು. ಹಾಗಾಗಿ ದಾಸರ ಪದಕ್ಕೆ ರಾಗದ ಪ್ರಶ್ನೆ ಹಾಕುವುದೇ ತಪ್ಪು ಎನ್ನುವುದು ಟೀಚರ್ ವಾದ. ಪದದೊಳಗೆ ಅಳಿಸದೆ ಉಳಿದಿರುವ ಗುರುತು ಅಂಕಿತವೊಂದೇ. ಅವರು ಹೇಳುವುದು ಸರಿ ಎಂದು ನನಗೂ ಅನ್ನಿಸುತ್ತದೆ.

ಶ್ರೀಪಾದರಾಜರಿಗೆ ರಂಗವಿಠಲ, ವಾದಿರಾಜರಿಗೆ ಹಯವದನ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ಹರಪನಹಳ್ಳಿ ಭೀಮವ್ವನವರದು ಭೀಮೇಶಕೃಷ್ಣ. ಅದರಲ್ಲೂ ಕೃಷ್ಣ ಇರುವುದರಿಂದ ಪೂರ್ತಿ ಕೇಳಿಸಿಕೊಳ್ಳದವರು ವ್ಯಾಸರಾಯರ ಕಡೆ ಓಡಿಬಿಡುತ್ತಾರೆ. ‘ಗೋಪಾಲ’ ಇನ್ನೂ ದೊಡ್ಡ ಬಲೆ. ತೆಲುಗಿನಲ್ಲಿ ಮುವ್ವಗೋಪಾಲ ಎಂದರೆ ಕ್ಷೇತ್ರಯ್ಯ, ಕನ್ನಡದಲ್ಲಿ ಗೋಪಾಲವಿಠಲ ಎಂದರೆ ಮೊಸರಕಲ್ಲಿನ ಗೋಪಾಲದಾಸರು. ಮೊಸರಕಲ್ಲು ರಾಯಚೂರು ಜಿಲ್ಲೆಯದು, ಜಗನ್ನಾಥದಾಸರ ಮಾನ್ವಿಯೂ ಅಲ್ಲಿಯದೇ. ಆ ಹೆಸರುಗಳು ಬಂದಾಗ ಟೀಚರ್ ದನಿಯೇ ಬೇರೆ. “ನಮ್ಮ ಕಡೀಯವರು” ಎನ್ನುತ್ತಾರೆ, ಪಕ್ಕದ ಮನೆಯವರ ಹೆಸರು ಹೇಳಿದ ಹಾಗೆ.

ಗುಂಪಿನ ಸಾಫ್ಟ್‌ವೇರ್ ಹುಡುಗರಿಗೆ ಕಟಪಯಾದಿಯ ಹುಚ್ಚು. 72 ಮೇಳಕರ್ತ ರಾಗಗಳಲ್ಲಿ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅಂಕಿ ಕೊಟ್ಟು ತಿರುಗಿಸಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15. ಒಬ್ಬ ಹುಡುಗ ಆ ದಿನ ಕೇಳಿದ್ದು: ಅಲ್ಪಪ್ರಾಣ ಮಹಾಪ್ರಾಣದಲ್ಲಿ ತಪ್ಪಿದರೆ 20ನೇ ಮೇಳದಿಂದ 10ನೇ ಮೇಳಕ್ಕೆ ಬೀಳುವ ರಾಗ ಯಾವುದು? ನಠಭೈರವಿ. ನ ಸೊನ್ನೆ, ಠ ಎಂದರೆ 2, ತಿರುಗಿಸಿದರೆ 20. ನಾವೆಲ್ಲ ಬರೆಯುವಂತೆ ‘ನಟಭೈರವಿ’ ಎಂದರೆ ಟ 1, ಸಂಖ್ಯೆ 10, ಅದು ನಾಟಕಪ್ರಿಯದ ಮನೆ. ಕನ್ನಡದಂತೆ ಟ, ಠ ಬೇರೆಯಾಗಿ ಬರೆಯುವ ಲಿಪಿ ಬಲ್ಲವರಿಗೆ ಮಾತ್ರ ಬಿಡಿಸಲಾಗುವ ಒಗಟು ಇದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಬೆಳೆದ ಇಬ್ಬರು ಹುಡುಗಿಯರು ಅಂದು ಸುಮ್ಮನೆ ಕುಳಿತರು. ಮುಂದಿನ ವಾರದಿಂದ ಅವರು ಟೀಚರ್ ಹತ್ತಿರ ಕಾಗುಣಿತ ತಿದ್ದತೊಡಗಿದರು ಎಂದು ಆಮೇಲೆ ತಿಳಿಯಿತು.

ಊರಿನ ಸುತ್ತು ಎಂದೊಂದು ಇದೆ, ಹೈದರಾಬಾದಿಗೇ ಸೇರಿದ ಪ್ರಶ್ನೆಗಳು. ಬೊಕ್ಕಸದ ಹಣದಲ್ಲಿ ಭದ್ರಾಚಲದ ಗುಡಿ ಕಟ್ಟಿಸಿ ಸುಲ್ತಾನ ತಾನಾಷಾನ ಕಾಲದಲ್ಲಿ ಗೋಲ್ಕೊಂಡದ ಸೆರೆ ಸೇರಿದ ವಾಗ್ಗೇಯಕಾರ ಕಂಚರ್ಲ ಗೋಪನ್ನ, ಅಂದರೆ ಭಕ್ತ ರಾಮದಾಸು. 1968ರಲ್ಲಿ ಬಷೀರ್‌ಬಾಗ್ ಅರಮನೆಯಲ್ಲಿ ಕೊನೆಯುಸಿರೆಳೆದ ಪಟಿಯಾಲಾ ಘರಾಣೆಯ ಬಡೇ ಗುಲಾಮ್ ಅಲಿ ಖಾನ್. ಕನ್ನಡದ ದಾಸರ ಪದ, ತೆಲುಗಿನ ಕೀರ್ತನೆ, ಹಿಂದುಸ್ತಾನಿ, ಹೀಗೆ ಮೂರು ಸಂಗೀತಗಳು ಕೂಡುವ ಊರು ಇದು. ದಿನಾ ಬಷೀರ್‌ಬಾಗ್ ದಾಟಿ ಕೆಲಸಕ್ಕೆ ಹೋಗುವ ಬ್ಯಾಂಕ್ ನೌಕರರೊಬ್ಬರು ಬಡೇ ಗುಲಾಮ್ ಅಲಿ ಖಾನ್ ಅವರ ಪ್ರಶ್ನೆ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಆಟದ ನಿಯಮಗಳು ಎಲ್ಲ ಕಡೆ ಇರುವಂಥವೇ. ಸರದಿಗೆ ಕಾಯದೆ ಉತ್ತರ ಬರೆದುಕೊಡುವ ಪೌನ್ಸ್ ಇದೆ, ಉತ್ತರ ಬಾರದ ಪ್ರಶ್ನೆ ಮುಂದಿನವರಿಗೆ ಹೋಗುವ ಬೌನ್ಸ್ ಇದೆ, ಕೊನೆಗೆ ಎಲ್ಲ ಉತ್ತರಗಳನ್ನೂ ಜೋಡಿಸುವ ಕನೆಕ್ಟ್ ಇದೆ. ಹೇಳಲೇಬೇಕಾದದ್ದು ಧ್ವನಿಯ ವಿಷಯ. ಮೊದಮೊದಲು ಯಾರೇ ತಂಬೂರಿ ಹಾಕಿ ಆಲಾಪ ಹಾಡಿದರೂ ಈಚೆ ಇರುವವರಿಗೆ ತಂಬೂರಿಯೇ ಕೇಳಿಸುತ್ತಿರಲಿಲ್ಲ, ದೀರ್ಘ ಸ್ವರಗಳು ನಡುವೆ ತುಂಡಾಗುತ್ತಿದ್ದವು. ಒಂದೇ ಸಮನೆ ಮಿಡಿಯುವ ಶ್ರುತಿಯನ್ನು ವಿಡಿಯೋ ಕರೆಯ ಆ್ಯಪ್, ಫ್ಯಾನಿನ ಸದ್ದೆಂದು ತಿಳಿದು, ಅಳಿಸಿಹಾಕುತ್ತದೆ. ಮನುಷ್ಯರ ಮಾತಿಗಾಗಿ ಮಾಡಿದ ಸಾಧನ, ಅದಕ್ಕೆ ಷಡ್ಜ ಗೊತ್ತಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ‘ಒರಿಜಿನಲ್ ಸೌಂಡ್’ ಆನ್ ಮಾಡಬೇಕೆಂದು ಗುಂಪಿಗೆ ಹೇಳಿಕೊಟ್ಟದ್ದು ಮೃದಂಗ ಕಲಿಯುವ ಒಬ್ಬ ಕಾಲೇಜು ಹುಡುಗ. ತಂಬೂರಿ ಮೊದಲ ಸಲ ಪೂರ್ತಿ ಕೇಳಿಸಿದಾಗ ಕೆಲವರು ಪ್ರಶ್ನೆ ಮರೆತು ಕೇಳುತ್ತ ಕೂತರಂತೆ.

ಈಗ ಹಾಡು ಕೇಳಿಸಿದರೆ ಫೋನೇ ಹೆಸರು ಹೇಳುತ್ತದೆ. ಆದರೆ ಗುಂಪಿನಲ್ಲಿ ಫೋನ್ ಮಗುಚಿಡಬೇಕು, ಹುಡುಕಬಾರದು, ಗೊತ್ತಿಲ್ಲದಿದ್ದರೆ ಹಾಡಿ ನೋಡಬೇಕು. ಹೀಗೆ ಹಾಡಿ ಹುಡುಕುವುದನ್ನು ಸಂಗೀತ ತರಗತಿಗಳೂ ಕಲಿಸಿದರೆ ಎಷ್ಟು ಚೆನ್ನ. ಉತ್ತರ ಸಿಗುವ ಮೊದಲು ಒಂದು ಪದವನ್ನು ಬಾಯಲ್ಲಿ ಹತ್ತು ಸಲ ತಿರುಗಿಸಿದವರು ಅದನ್ನು ಮರೆಯುವುದಿಲ್ಲ. ಆದರೆ ಹಳಬರು ಕಡಿಮೆಯಾಗುತ್ತಿದ್ದಾರೆ. ಕಾಚಿಗುಡದ ಹಳೆ ಮನೆ ಬಿಟ್ಟು ದೂರದ ಫ್ಲ್ಯಾಟ್‌ಗಳಿಗೆ ಹೋಗುವಾಗ ಅಜ್ಜಿಯರ ಹಾಡಿನ ನೋಟುಬುಕ್ಕುಗಳು ರದ್ದಿಗೆ ಬೀಳುತ್ತಿವೆ. ಯಾವುದಾದರೂ ಕನ್ನಡ ಸಂಸ್ಥೆ ಅವನ್ನೆಲ್ಲ ಕೂಡಿಸಿ ಸ್ಕ್ಯಾನ್ ಮಾಡಿಸಿಡಬೇಕು. ತಡಮಾಡಿದರೆ ಕೂಡಿಸಲು ಏನೂ ಉಳಿಯದು.

ಟೀಚರ್ ಅತ್ತೆಯವರ ನೋಟುಬುಕ್ಕು ಹೇಗೋ ಉಳಿದಿದೆ. ಅದರಲ್ಲೊಂದು ಪದ, ಯಾವ ಮುದ್ರಿತ ಸಂಕಲನದಲ್ಲೂ ಅವರಿಗೆ ಸಿಕ್ಕಿಲ್ಲ. ಕೊನೆಯ ಸಾಲಿನ ಮೇಲೆ ನೀರು ಬಿದ್ದು ಶಾಯಿ ಹರಡಿದೆ, ಓದಲು ಬರುವುದು ‘ವಿಠಲ’ ಒಂದೇ. ಅದರ ಹಿಂದಿನ ಶಬ್ದ ಹೋಗಿದೆ. ವಿಜಯವೋ, ಗೋಪಾಲವೋ, ಜಗನ್ನಾಥವೋ, ಮೋಹನವೋ? ಜಗನ್ನಾಥ ಎಂದು ಹಾಡಿ ನೋಡಿದರು, ತಾಳಕ್ಕೆ ಕೂಡಲಿಲ್ಲ. ಗೋಪಾಲ ಕೂಡುತ್ತದೆ, ವಿಜಯವೂ ಕೂಡುತ್ತದೆ ಎನ್ನುತ್ತಾರೆ ಕೆಲವರು. ಅತ್ತೆ ಹೇಗೆ ಹಾಡುತ್ತಿದ್ದರೆಂದು ನೆನಪಿಸಿಕೊಳ್ಳಲು ಟೀಚರ್ ಇನ್ನೊಂದು ವಾರ ಕೇಳಿದ್ದಾರೆ.